ಪದವಿ ವಿದ್ಯಾರ್ಥಿಗಳನ್ನು ಕೇಳುವವರಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿರುವುದು ವಾಚಕಮಹಾಶಯರಿಗೆ ವಿದಿತವೇ ಇದೆ. ಶಾಲೆಗಳ ಮೇಲ್ವಿಚಾರಣೆಗೆಂದು ಇಲ್ಲಿ ಪ್ರತ್ಯೇಕವಾಗಿ ಒಬ್ಬ ಉಪನಿರ್ದೇಶಕರಿದ್ದಾರೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ರಾಜ್ಯದಲ್ಲಿ ಮಧುಗಿರಿಗೆ ಎಷ್ಟನೆಯ ಸ್ಥಾನವೆಂಬ ಚರ್ಚೆ ಕಛೇರಿಯಿಂದ ಕಾಫಿ ಹೋಟಲಿನವರೆಗೂ ನಡೆಯುತ್ತದೆ. ಸ್ಥಾನ ಕುಸಿದರೆ ಸಮಜಾಯಿಷಿ ಕೇಳುವವರುಂಟು. ಹಿಂದುಳಿದ ಮಕ್ಕಳಿಗಾಗಿ ವಿಶೇಷ ತರಗತಿಗಳೂ ನಡೆಯುತ್ತವೆ. ಇದೆಲ್ಲವೂ ಸ್ತುತ್ಯವೇ. ಆದರೆ ಅದೇ ಬಾಲಕನು ಎರಡು ವರ್ಷ ಕಳೆದು ಪ್ರಥಮದರ್ಜೆ ಕಾಲೇಜಿನ ಮೆಟ್ಟಿಲು ಹತ್ತಿದನೋ, ಅಲ್ಲಿಗೆ ಅವನ ಲೆಕ್ಕ ಇಡುವವರು ಮುಗಿದರು. ಮೊದಲ ವರ್ಷದ ಬಿ.ಎ. ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಕೊನೆಯ ಪರೀಕ್ಷೆಗೆ ಕುಳಿತರು, ಮಿಕ್ಕವರು ಏನಾದರು ಎಂಬ ಪ್ರಶ್ನೆಯು ಈ ನಾಲ್ಕೂರುಗಳ ಯಾವ ಸಭೆಯಲ್ಲಿಯೂ ಎದ್ದುದನ್ನು ನಾವು ಕೇಳಿಲ್ಲ.

ಮನೆಪಾಠವನ್ನು ವೃತ್ತಿಯಾಗಿ ಮಾಡಿಕೊಂಡವರೂ ಇವರನ್ನು ಕೈಬಿಟ್ಟಿದ್ದಾರೆ. ಹತ್ತನೆಯ ತರಗತಿಗೆ, ಪಿ.ಯು.ಸಿ.ಗೆ, ಸಿ.ಇ.ಟಿ., ನೀಟ್ ಪರೀಕ್ಷೆಗಳಿಗೆ ಬೇಕಾದಷ್ಟು ಟ್ಯೂಷನ್ನು ದೊರೆಯುತ್ತದೆ. ಅಲ್ಲಿ ಹಣ ತೆರುವ ತಂದೆತಾಯಿಗಳಿದ್ದಾರೆ. ಬಿ.ಕಾಂ. ಎರಡನೆಯ ಸೆಮಿಸ್ಟರಿನಲ್ಲಿ ಎರಡು ವಿಷಯ ಬಾಕಿ ಉಳಿಸಿಕೊಂಡ ಕಡಲೆಕಾಯಿ ಬೆಳೆಗಾರನ ಮಗಳಿಗೆ ಪಾಠ ಹೇಳಿದರೆ ಬರುವ ಲಾಭವೇನು?

ಈ ಮಕ್ಕಳು ದಡ್ಡರೆಂದು ಹೇಳುವವರ ಮಾತನ್ನು ನಾವು ಸರ್ವಥಾ ಒಪ್ಪೆವು. ಮೂರು ಕಡೆ ಆಂಧ್ರದ ಎಲ್ಲೆಯಿಂದ ಸುತ್ತುವರಿದ ಪಾವಗಡದಲ್ಲಿ ಅನೇಕರ ಮನೆಮಾತು ತೆಲುಗು, ಶಾಲೆಯ ಭಾಷೆ ಕನ್ನಡ, ವಾಣಿಜ್ಯ ವಿಜ್ಞಾನಗಳ ಪುಸ್ತಕವೋ ಇಂಗ್ಲಿಷು. ಶಿರಾದಲ್ಲಿ ತೆಲುಗಿನ ಬದಲು ಉರ್ದು ಎಂದು ಓದಿಕೊಂಡರೆ ಅಲ್ಲಿನ ಹಲವು ಮನೆಗಳ ಕಥೆಯೂ ಅದೇ. ಲೆಕ್ಕಪತ್ರಶಾಸ್ತ್ರವನ್ನು ಕನ್ನಡದಲ್ಲಿ ಕೇಳಿದರೆ ಸರಿಯಾಗಿ ಉತ್ತರಿಸುವ ಹುಡುಗನು ಇಂಗ್ಲಿಷಿನ ಪ್ರಶ್ನೆಪತ್ರಿಕೆಯ ಮುಂದೆ ಮೂಕನಾಗುತ್ತಾನೆ. ಮನೆಯಲ್ಲಿ ಕಾಲೇಜು ಕಂಡವರು ಯಾರೂ ಇಲ್ಲದಿರುವುದರಿಂದ ಕೇಳಿ ತಿಳಿಯುವುದಕ್ಕೂ ದಾರಿಯಿಲ್ಲ. ಒಂದು ವಿಷಯ ಹೋದರೆ ನಾಚಿಕೆ, ಎರಡು ಹೋದರೆ ಬೆಂಗಳೂರಿನ ಬಸ್ಸು. ಹೆಣ್ಣುಮಗಳಾದರೆ ಮದುವೆಯ ಮಾತು.

ಇದರ ಮೇಲೆ ಪಠ್ಯಕ್ರಮದ ಗೊಂದಲ ಬೇರೆ. ೨೦೨೧ರಲ್ಲಿ ನಾಲ್ಕು ವರ್ಷದ ಪದವಿಯೆಂದರು. ೨೦೨೪ರಲ್ಲಿ ಮತ್ತೆ ಮೂರೇ ವರ್ಷವೆಂದರು. ಯಾವುದು ಮೇಲೆಂಬ ವಾದಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಹಳೆಯ ಕ್ರಮದಲ್ಲಿ ಬಾಕಿ ಉಳಿದವನಿಗೆ ಪಾಠ ಹೇಳುವವರು ಯಾರೆಂಬುದಷ್ಟೇ ನಮ್ಮ ಪ್ರಶ್ನೆ. ಅಧ್ಯಾಪಕರನ್ನು ದೂರುವುದೂ ನ್ಯಾಯವಲ್ಲ. ಸರ್ಕಾರಿ ಕಾಲೇಜುಗಳ ಬಂಡಿಯನ್ನು ಎಳೆಯುತ್ತಿರುವವರು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರು. ೨೦೨೩ರ ನವೆಂಬರಿನಿಂದ ವಾರಗಟ್ಟಲೆ ಅವರು ಸೇವಾ ಖಾಯಮಾತಿಗಾಗಿ ತರಗತಿಗಳನ್ನು ಬಹಿಷ್ಕರಿಸಿದಾಗ ರಾಜ್ಯಕ್ಕೆಲ್ಲ ಇದು ಮನವರಿಕೆಯಾಯಿತು. ಬರುವ ವರ್ಷ ಕೆಲಸವಿರುವುದೋ ಇಲ್ಲವೋ ಎಂದು ಅರಿಯದ ಅತಿಥಿಯಿಂದ ಸಂಜೆಯ ಹೆಚ್ಚಿನ ಪಾಠವನ್ನು ಧರ್ಮಾರ್ಥವಾಗಿ ನಿರೀಕ್ಷಿಸುವುದು ನಮಗೆ ಸರಿಕಾಣದು.

ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ. ದುರ್ಬಲವರ್ಗದ ವಿದ್ಯಾರ್ಥಿಗಳಿಗೆ ಪರಿಹಾರ ಬೋಧನೆ ನಡೆಸಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಹಿಂದೆ ಕಾಲೇಜುಗಳಿಗೆ ಹಣವನ್ನೇ ಕೊಟ್ಟಿತ್ತು. ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಕ ಎಂಬ ಲೆಕ್ಕವನ್ನು ನ್ಯಾಕ್ ಸಂಸ್ಥೆಯವರು ಕೇಳುತ್ತಾರೆ. ತಪಾಸಣೆಯ ಕಾಲಕ್ಕೆ ಕಡತವು ಸಿದ್ಧವಾಗುತ್ತದೆ. ಆ ಮಾರ್ಗದರ್ಶಕನು ವಾರಕ್ಕೊಮ್ಮೆ ತನ್ನ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವನು ಬರೆದುದನ್ನು ಓದಿ ತಿದ್ದುವುದು ಮಾತ್ರ ಅಪರೂಪ. ಆಕ್ಸ್‌ಫರ್ಡಿನ ಹೆಸರನ್ನು ಭಕ್ತಿಯಿಂದ ಹೇಳುವ ನಮ್ಮ ವಿದ್ವಾಂಸರು ಅಲ್ಲಿನ ವಿದ್ಯೆಯ ತಿರುಳು ಇದೇ ಎಂಬುದನ್ನೇಕೆ ಮರೆಯುತ್ತಾರೋ! ಅಷ್ಟು ದೂರ ಹೋಗುವುದೂ ಬೇಡ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಸ್ವಾತಂತ್ರ್ಯಕ್ಕೆ ಮೊದಲೇ ತನ್ನ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವನ್ನು ಸಣ್ಣ ಪುಸ್ತಕಗಳಾಗಿ ಅಚ್ಚುಹಾಕಿಸಿತು. ೨೦೦೪ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯವು ತನ್ನದೇ ಜಿಲ್ಲೆಯ ಪಾವಗಡಕ್ಕೆ ತಿಂಗಳಿಗೊಮ್ಮೆ ನಾಲ್ವರು ಪ್ರಾಧ್ಯಾಪಕರನ್ನು ಕಳುಹಿಸಲಾರದೆ?

ಪರಸ್ಥಳದ ಬಡ ವಿದ್ಯಾರ್ಥಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆಯೆಂದು ಊಟವಿಕ್ಕುವ ವಾರಾನ್ನದ ಪದ್ಧತಿ ನಮ್ಮ ನಾಡಿನಲ್ಲಿತ್ತು. ಅದರಲ್ಲಿ ಜಾತಿಯ ಕಟ್ಟು ಇತ್ತೆಂಬುದನ್ನು ಮರೆಮಾಚಬೇಕಿಲ್ಲ. ಆ ಕಟ್ಟನ್ನು ಬಿಟ್ಟು ಕ್ರಮವನ್ನು ಮಾತ್ರ ಎತ್ತಿಕೊಳ್ಳೋಣ. ಸಿದ್ಧಗಂಗೆಯಂಥ ಮಠಗಳಿಂದಲೂ ಸರ್ಕಾರದ ವಿದ್ಯಾರ್ಥಿನಿಲಯಗಳಿಂದಲೂ ಇಂದು ಅನ್ನಕ್ಕೆ ಅಷ್ಟು ಕಷ್ಟವಿಲ್ಲ. ಈಗ ಬೇಕಾದುದು ವಾರಪಾಠ. ನಮ್ಮ ನಾಲ್ಕು ಪಟ್ಟಣಗಳಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಖಜಾನೆಯ ನೌಕರರಿದ್ದಾರೆ. ಒಬ್ಬೊಬ್ಬರು ವಾರದಲ್ಲಿ ಒಂದೊಂದು ಸಂಜೆ ಎರಡು ಗಂಟೆ ಕೊಟ್ಟರೆ ಸಾಕು. ಬ್ಯಾಂಕಿನವರು ಲೆಕ್ಕಪತ್ರವನ್ನು, ವಕೀಲರು ರಾಜ್ಯಾಂಗವನ್ನು, ಉಪಾಧ್ಯಾಯರು ಇಂಗ್ಲಿಷನ್ನು ಹೇಳಿಕೊಡಲಿ. ಸಾಯಂಕಾಲ ಕೆಲಸ ಮಾಡುವ ಅತಿಥಿ ಉಪನ್ಯಾಸಕರಿಗೆ ಮಾತ್ರ ಗಂಟೆಗಿಷ್ಟೆಂದು ಸಂಭಾವನೆ ಸಲ್ಲಲೇಬೇಕು; ಅದಕ್ಕೆ ಕಾಲೇಜು ಅಭಿವೃದ್ಧಿ ಸಮಿತಿಯವರು ಊರ ವರ್ತಕರ ಬಾಗಿಲು ತಟ್ಟಲಿ.

ಬಸ್ಸಿನ ವ್ಯವಸ್ಥೆಯಾಗದೆ ಇದಾವುದೂ ನಡೆಯದು. ೨೦೨೩ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ, ನಿಜ. ಆದರೆ ಖಾಸಗಿ ಬಸ್ಸಷ್ಟೇ ಓಡುವ ದಾರಿಯಲ್ಲಿ ಆ ಸೌಲಭ್ಯವೂ ಇಲ್ಲ. ಆರು ಗಂಟೆಯ ಮೇಲೆ ಹಳ್ಳಿಗೆ ಗಾಡಿಯೇ ಇಲ್ಲವಾದರೆ ಪುಕ್ಕಟೆ ಪ್ರಯಾಣದಿಂದ ಫಲವೇನು? ಸಂಜೆ ಏಳಕ್ಕೆ ಪ್ರತಿ ತಾಲ್ಲೂಕು ಕೇಂದ್ರದಿಂದ ಮುಖ್ಯ ಹೋಬಳಿಗಳಿಗೆ ಒಂದೊಂದು ಬಸ್ಸು ಬಿಡುವಂತೆ ಸಾರಿಗೆ ಅಧಿಕಾರಿಗಳನ್ನು ಪ್ರಾರ್ಥಿಸುತ್ತೇವೆ.

ಪ್ರಾಂಶುಪಾಲರು ಮುಂದಿನ ಸೆಮಿಸ್ಟರು ಆರಂಭವಾಗುವ ಮೊದಲೇ ಎರಡು ಕೊಠಡಿಗಳನ್ನು ಗೊತ್ತುಮಾಡಿ, ಪಾಠ ಹೇಳಲು ಒಪ್ಪುವವರ ಹೆಸರುಗಳನ್ನು ಬರೆಸಿಕೊಳ್ಳಲಿ. ಆ ಪಟ್ಟಿಯನ್ನೂ ಪಾಠದ ವೇಳೆಯನ್ನೂ ನಮ್ಮ ಕಛೇರಿಗೆ ಕಳುಹಿಸಿದಲ್ಲಿ ಪ್ರತಿ ಭಾನುವಾರದ ಸಂಚಿಕೆಯಲ್ಲಿ ಶುಲ್ಕವಿಲ್ಲದೆ ಪ್ರಕಟಿಸುತ್ತೇವೆ.