ಸುದ್ದಿಯ ಮುಯ್ಯಿ, ಸುದ್ದಿಯ ವ್ಯಾಪಾರ

ಪತ್ರಿಕೆಯಲ್ಲಿ ಅಚ್ಚಾಗುವ ಸುದ್ದಿಗಳಲ್ಲಿ ಹಲವು ವರದಿಗಾರನ ಕಣ್ಣೆದುರು ನಡೆದವಲ್ಲ. ಯಾರೋ ತಂದು ಅವನ ಕೈಗೆ ಒಪ್ಪಿಸಿದವು. ಇಲಾಖೆಯ ಪ್ರಕಟಣೆ, ಕಂಪೆನಿಯ ಪತ್ರಿಕಾಗೋಷ್ಠಿ, ಸಂಘದ ಹೇಳಿಕೆ, ಹೋರಾಟ ಸಮಿತಿಯ ಮನವಿ ಇವೆಲ್ಲವೂ ಹೀಗೆ ಬಂದು ಸೇರುವ ಸರಕುಗಳೇ. ಇವನ್ನು ತಂದುಕೊಡುವವನನ್ನು ಪ್ರಚಾರಕ ಎನ್ನಬಹುದು. ದೊಡ್ಡ ಸಂಬಳದ ಸಾರ್ವಜನಿಕ ಸಂಪರ್ಕಾಧಿಕಾರಿಯೂ ಪ್ರಚಾರಕನೇ. ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ನಾಲ್ಕು ಸಾಲಿನ ಹೇಳಿಕೆ ಕೊಟ್ಟು ಬರುವ ಹಳ್ಳಿಯ ಯುವಕನೂ ಪ್ರಚಾರಕನೇ. ಇಬ್ಬರೂ ಒಬ್ಬನೇ ಪತ್ರಕರ್ತನ ಮೇಜಿನ ಮುಂದೆ ನಿಲ್ಲುತ್ತಾರೆ. ಅವರಿಬ್ಬರ ಜೊತೆ ಆ ಪತ್ರಕರ್ತನ ಸಂಬಂಧ ಎಂಥದ್ದು ಎಂಬ ಪ್ರಶ್ನೆ ಕೇವಲ ನಗರದ ಪತ್ರಿಕಾ ಕಚೇರಿಗಳಿಗೆ ಸೇರಿದ್ದಲ್ಲ. ಗಣಿ, ಅಣೆಕಟ್ಟು, ನದಿ ತಿರುವು, ಕೀಟನಾಶಕ ಹೀಗೆ ಮಲೆನಾಡಿನ ಯಾವ ಸಂಕಟ ಹೊರಲೋಕಕ್ಕೆ ತಿಳಿಯುತ್ತದೆ, ಯಾವುದು ಕಣಿವೆಯೊಳಗೇ ಅಡಗಿ ಹೋಗುತ್ತದೆ ಎಂಬುದು ಬಹುಮಟ್ಟಿಗೆ ಈ ಸಂಬಂಧವನ್ನೇ ಅವಲಂಬಿಸಿದೆ.

ಹಳ್ಳಿಗರಿಗೆ ಎರಡು ಬಗೆಯ ಕೊಡುಕೊಳೆ ಗೊತ್ತು. ಒಂದು ಸಂತೆಯದು, ಇನ್ನೊಂದು ಮುಯ್ಯಾಳಿನದು. ಸಂತೆಯಲ್ಲಿ ದುಡ್ಡು ಕೊಟ್ಟು ಸರಕು ಪಡೆದರೆ ಅಲ್ಲಿಗೆ ಲೆಕ್ಕ ಚುಕ್ತಾ. ಕೊಟ್ಟವನ ಮುಖ, ಕೊಂಡವನ ಮುಖ ಪರಸ್ಪರ ನೆನಪಿರಬೇಕಾದ ಅಗತ್ಯವಿಲ್ಲ. ಮುಯ್ಯಾಳಿನಲ್ಲಿ ಹಾಗಲ್ಲ. ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ನಾಟಿಗೆ ಹೋದರೆ, ಆ ಮನೆಯವರು ತಮ್ಮ ಸರದಿಯಲ್ಲಿ ಇವರ ಗದ್ದೆಗೆ ಬರಬೇಕು. ಇಲ್ಲಿಯೂ ಲೆಕ್ಕವಿದೆ, ಆದರೆ ಅದು ಅಂದೇ ಮುಗಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ನಿಯಮ ಮತ್ತೊಂದಿದೆ: ಕೆಲಸಕ್ಕೆ ಕೆಲಸವೇ ಮುಯ್ಯಿ. ನಾಟಿಗೆ ಬಂದವನಿಗೆ ಒಂದು ದಿನ ಹೋಳಿಗೆಯೂಟ ಹಾಕಿ ಕೈತೊಳೆದುಕೊಳ್ಳುವಂತಿಲ್ಲ, ಗದ್ದೆಗೆ ಇಳಿಯಲೇಬೇಕು. ಪತ್ರಕರ್ತ ಹಾಗೂ ಪ್ರಚಾರಕರ ಸಂಬಂಧವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು.

ಪ್ರಚಾರವೆಂಬ ವೃತ್ತಿಯ ಆರಂಭದ ಇತಿಹಾಸದಲ್ಲಿಯೇ ಈ ಎರಡೂ ಮುಖಗಳು ಕಾಣಸಿಗುತ್ತವೆ. ಅಮೆರಿಕದ ಐವಿ ಲೀ ಎಂಬಾತ ಮೊದಲು ಪತ್ರಕರ್ತನಾಗಿದ್ದು ಬಳಿಕ ಕಂಪೆನಿಗಳ ಪ್ರಚಾರಕನಾದವನು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುವಾಗ ಆತ ಪತ್ರಿಕೆಗಳಿಗೆ ತನ್ನ ತತ್ತ್ವಗಳ ಘೋಷಣೆಯೊಂದನ್ನು ಕಳುಹಿಸಿದ. ತನ್ನ ಕೆಲಸದಲ್ಲಿ ಗುಟ್ಟಿಲ್ಲ, ತಾನು ಕೊಡುವ ಮಾಹಿತಿ ನಿಖರ, ಹೆಚ್ಚಿನ ವಿವರ ಬೇಕಾದ ಸಂಪಾದಕರಿಗೆ ಅದನ್ನು ಪರಿಶೀಲಿಸಲು ನೆರವಾಗುತ್ತೇನೆ ಎಂಬುದು ಅದರ ಸಾರ. ಅದೇ ವರ್ಷದ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ಗಾಡಿಯೊಂದು ನೀರಿಗೆ ಉರುಳಿ ಹಲವರು ಸತ್ತರು. ಅಪಘಾತಗಳನ್ನು ಮುಚ್ಚಿಡುವುದೇ ರೈಲ್ವೆ ಕಂಪೆನಿಗಳ ವಾಡಿಕೆಯಾಗಿದ್ದ ಕಾಲವದು. ಐವಿ ಲೀ ವರದಿಗಾರರನ್ನು ಸ್ಥಳಕ್ಕೇ ಕರೆಸಿ, ತಿಳಿದ ಸಂಗತಿಗಳನ್ನು ಬರೆದುಕೊಟ್ಟ. ಪತ್ರಿಕಾ ಪ್ರಕಟಣೆಯೆಂಬ ಪದ್ಧತಿಯ ಆರಂಭವನ್ನು ಅಲ್ಲಿಂದ ಗುರುತಿಸುವವರಿದ್ದಾರೆ.

ಎಂಟೇ ವರ್ಷಗಳಲ್ಲಿ ಅದೇ ಕೈ ಬೇರೊಂದು ಕೆಲಸ ಮಾಡಿತು. 1914ರ ಏಪ್ರಿಲ್ 20ರಂದು ಕೊಲೊರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ನಿರತ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿತ್ತು. ಹೆಂಗಸರು, ಮಕ್ಕಳು ಸತ್ತರು. ಗಣಿಯ ಪ್ರಮುಖ ಒಡೆಯರಾದ ರಾಕ್‌ಫೆಲರ್ ಕುಟುಂಬ ಐವಿ ಲೀಯನ್ನು ನೇಮಿಸಿಕೊಂಡಿತು. ಆತ ಹೊರಡಿಸಿದ ಪ್ರಕಟಣಾ ಮಾಲೆಯಲ್ಲಿ ಮುಷ್ಕರದ ನಾಯಕರ ಸಂಬಳವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಲಾಗಿತ್ತು. ಬಳಿಕ ಸರ್ಕಾರಿ ಆಯೋಗದ ವಿಚಾರಣೆಯಲ್ಲಿ, ಕಂಪೆನಿಯವರು ಕೊಟ್ಟದ್ದನ್ನು ತಾನಾಗಿ ಪರಿಶೀಲಿಸಿರಲಿಲ್ಲವೆಂದು ಆತ ಒಪ್ಪಿಕೊಳ್ಳಬೇಕಾಯಿತು. 1906ರಲ್ಲಿ ಆತ ಪತ್ರಕರ್ತನಿಗೆ ಕೊಟ್ಟದ್ದು ಕೆಲಸ: ನೋಡುವ, ಕೇಳುವ, ಪರೀಕ್ಷಿಸುವ ಅವಕಾಶ. 1914ರಲ್ಲಿ ಕೊಟ್ಟದ್ದು ಸಿದ್ಧಪಡಿಸಿದ ಸರಕು. ಮನುಷ್ಯ ಒಬ್ಬನೇ, ವೃತ್ತಿಯೂ ಒಂದೇ; ಸಂಬಂಧದ ಗುಣ ಮಾತ್ರ ಬದಲಾಗಿತ್ತು.

ಇದು ದೂರದ ದೇಶದ ಹಳೆಯ ಕಥೆ ಎನ್ನುವವರು ವಿದರ್ಭದ ಹತ್ತಿಯ ಹೊಲಗಳತ್ತ ನೋಡಬಹುದು. 2008ರ ಅಕ್ಟೋಬರ್ 31ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಬಿ.ಟಿ. ಹತ್ತಿಯ ಯಶಸ್ಸಿನ ಬಗ್ಗೆ ಪುಟದಷ್ಟು ದೊಡ್ಡ ವರದಿಯೊಂದು ಬಂದಿತು. ಯವತ್ಮಾಳ ಜಿಲ್ಲೆಯ ಭಾಂಬ್‌ರಾಜಾ ಮತ್ತು ಅಂತರಗಾಂವ್ ಹಳ್ಳಿಗಳಲ್ಲಿ ಆತ್ಮಹತ್ಯೆಗಳೇ ಇಲ್ಲ, ರೈತರು ಸಮೃದ್ಧರಾಗಿದ್ದಾರೆ ಎಂಬ ಚಿತ್ರ ಅದರಲ್ಲಿತ್ತು. ಸುಮಾರು ಮೂರು ವರ್ಷಗಳ ಬಳಿಕ, 2011ರ ಆಗಸ್ಟ್ 28ರಂದು, ಅದೇ ಬರಹ ಅದೇ ಪತ್ರಿಕೆಯಲ್ಲಿ ಬೀಜ ಕಂಪೆನಿಯ ಜಾಹೀರಾತಾಗಿ ಮತ್ತೆ ಪ್ರಕಟವಾಯಿತು. ಪತ್ರಕರ್ತ ಪಿ. ಸಾಯಿನಾಥ್ 2012ರ ಮೇ ತಿಂಗಳಲ್ಲಿ ‘ದಿ ಹಿಂದೂ’ ಪತ್ರಿಕೆಯಲ್ಲಿ ಈ ಸಂಗತಿಯನ್ನು ಬಯಲಿಗೆಳೆದರು. ಮೊದಲ ವರದಿಗೆ ಕಾರಣವಾದ ಪ್ರವಾಸವನ್ನು ಏರ್ಪಡಿಸಿದ್ದೇ ಕಂಪೆನಿ ಎಂಬುದು ಅದರಿಂದ ತಿಳಿಯಿತು. 2012ರ ಮಾರ್ಚ್‌ನಲ್ಲಿ ಸಂಸತ್ತಿನ ಕೃಷಿ ಸ್ಥಾಯಿ ಸಮಿತಿ ಭಾಂಬ್‌ರಾಜಾಕ್ಕೆ ಬಂದಾಗ, ತಮ್ಮ ಊರಿನಲ್ಲಿ ಹದಿನಾಲ್ಕು ಆತ್ಮಹತ್ಯೆಗಳಾಗಿವೆ ಎಂದು ಹಳ್ಳಿಗರು ಹೇಳಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಲಂಚವಲ್ಲ. ಹಣ ಕೈ ಬದಲಾಯಿಸದೆಯೂ ವ್ಯಾಪಾರ ನಡೆಯಬಲ್ಲದು. ಕಂಪೆನಿ ವಾಹನ ಕೊಟ್ಟಿತು, ಹೊಲ ತೋರಿಸಿತು, ಮಾತನಾಡುವ ರೈತರನ್ನು ಮುಂದೆ ನಿಲ್ಲಿಸಿತು. ಪತ್ರಿಕೆ ಪುಟ ಕೊಟ್ಟಿತು. ಲೆಕ್ಕ ಚುಕ್ತಾ. ಈ ಲೆಕ್ಕದಲ್ಲಿ ಕಾಣೆಯಾದದ್ದು ಪ್ರಶ್ನೆ. ಬಿ.ಟಿ. ಗುಣವು ಹತ್ತಿಯ ಗಿಡಕ್ಕೆ ಕಾಯಿಕೊರಕ ಹುಳುಗಳಿಂದ ರಕ್ಷಣೆ ನೀಡುವಂಥದ್ದು. ರಸ ಹೀರುವ ಕೀಟಗಳಿಂದಲ್ಲ. ಅದು ಮಳೆಯನ್ನು ತರಿಸುವುದೂ ಇಲ್ಲ. ಮಳೆಯಾಶ್ರಿತ ವಿದರ್ಭದಲ್ಲಿ ಇಳುವರಿಯ ಮುಖ್ಯ ನಿರ್ಣಾಯಕ ನೀರು. ಗುಲಾಬಿ ಕಾಯಿಕೊರಕವು ಬಿ.ಟಿ. ಹತ್ತಿಗೆ ನಿರೋಧಶಕ್ತಿ ಬೆಳೆಸಿಕೊಂಡ ವಿಷಯವನ್ನು ಗುಜರಾತಿನ ಹೊಲಗಳ ಸಂಬಂಧವಾಗಿ ಕಂಪೆನಿಯೇ 2010ರಲ್ಲಿ ಒಪ್ಪಿಕೊಂಡಿತು. ಪಕ್ಕದ ಓಣಿಗೆ ಹೋಗಿ ಇನ್ನೂ ನಾಲ್ಕು ಮನೆಗಳ ಬಾಗಿಲು ತಟ್ಟುವ ಸ್ವಾತಂತ್ರ್ಯ ವರದಿಗಾರನಿಗೆ ಇದ್ದಿದ್ದರೆ ಓದುಗನಿಗೆ ಬೇರೆ ಚಿತ್ರ ಸಿಗುತ್ತಿತ್ತು. ಆತಿಥ್ಯ ಕಸಿದುಕೊಳ್ಳುವುದು ಆ ಸ್ವಾತಂತ್ರ್ಯವನ್ನೇ.

ಇಂಥ ವ್ಯಾಪಾರ ಅಪವಾದವಲ್ಲ ಎಂಬುದಕ್ಕೆ ಸಾಕ್ಷಿಗಳಿವೆ. 2009ರ ಚುನಾವಣೆಗಳ ಬಳಿಕ ‘ಕಾಸಿಗಾಗಿ ಸುದ್ದಿ’ಯ ಪಿಡುಗನ್ನು ಪರಿಶೀಲಿಸಲು ಭಾರತೀಯ ಪತ್ರಿಕಾ ಮಂಡಳಿಯೇ ಉಪಸಮಿತಿ ರಚಿಸಿ, 2010ರಲ್ಲಿ ವರದಿ ಹೊರತಂದಿತು. ಅದೇ ವರ್ಷದ ನವೆಂಬರಿನಲ್ಲಿ ಕಾರ್ಪೊರೇಟ್ ಪ್ರಚಾರಕಿ ನೀರಾ ರಾಡಿಯಾ ಅವರು ಪತ್ರಕರ್ತರೊಂದಿಗೆ ನಡೆಸಿದ ದೂರವಾಣಿ ಮಾತುಕತೆಗಳು ‘ಓಪನ್’ ಮತ್ತು ‘ಔಟ್‌ಲುಕ್’ ಪತ್ರಿಕೆಗಳಲ್ಲಿ ಪ್ರಕಟಗೊಂಡವು. ಸುದ್ದಿ ಕೊಡುವವರು ಮತ್ತು ಪಡೆಯುವವರ ನಡುವಿನ ಸಲಿಗೆ ಎಷ್ಟು ದೂರ ಹೋಗಬಲ್ಲದು ಎಂದು ದೇಶ ಆಗ ಕಂಡಿತು. ಗ್ರಾಮೀಣ ವರದಿಗಾರನ ಪಾಡು ಇನ್ನೊಂದು ಬಗೆಯದು. ಅಲ್ಪ ಗೌರವಧನ, ಅದರ ಜೊತೆಗೆ ಪತ್ರಿಕೆಗೆ ಜಾಹೀರಾತು ತರಬೇಕಾದ ಒತ್ತಡ. ಬೆಳಿಗ್ಗೆ ಜಾಹೀರಾತು ಕೇಳಲು ಹೋದ ಬಾಗಿಲಿಗೆ ಸಂಜೆ ಪ್ರಶ್ನೆ ಕೇಳಲು ಹೋಗುವುದು ಯಾರಿಗೂ ಸುಲಭವಲ್ಲ. ಅವನನ್ನು ದೂಷಿಸುವ ಮೊದಲು ಈ ಕಟ್ಟುಪಾಡನ್ನು ಅರಿಯುವುದು ನ್ಯಾಯ.

ಮುಯ್ಯಾಳಿನ ಮಾದರಿಗೆ ಬಹುದೂರ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಸುತ್ತಲಿನ ಗುಡ್ಡಗಳಲ್ಲಿ ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರು ಗುಡ್ಡದ ಮೇಲೆ. ಮನೆ, ತೋಡು, ಸುರಂಗದ ನೀರು ಕೆಳಗೆ. ಆ ಊರಿನವರೇ ಆದ ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಅಂಗವಿಕಲ ಕರುಗಳು ಹುಟ್ಟುತ್ತಿರುವ ಬಗ್ಗೆ 1980ರ ದಶಕದ ಆರಂಭದಲ್ಲೇ ಬರೆದರು. ಅಲ್ಲೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರಸಂಬಂಧಿ ತೊಂದರೆ, ಅಂಗವೈಕಲ್ಯ, ಕ್ಯಾನ್ಸರ್‌ಗಳು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸುತ್ತ ಬಂದರು. ಹಳ್ಳಿಗರು ಮನೆಬಾಗಿಲು ತೆರೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ ಮುಂತಾದ ಮಾದರಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ‘ಡೌನ್ ಟು ಅರ್ಥ್’ ಪತ್ರಿಕೆಯಲ್ಲಿ ಪ್ರಕಟಿಸಿತು. ತೋಟದ ನಿಗಮ ತಾನೇ ಮಾಡಿಸಿದ ಮತ್ತೊಂದು ಅಧ್ಯಯನವನ್ನು ಎದುರಿಗಿಟ್ಟಿತು. ಕೀಟನಾಶಕ ಉದ್ಯಮದ ಪ್ರಚಾರಯಂತ್ರ ಚುರುಕಾಯಿತು. ಆದರೆ ಅಷ್ಟರಲ್ಲಿ ಎರಡು ದಶಕಗಳ ದಾಖಲೆ, ಮುಖಪರಿಚಯ, ವಿಶ್ವಾಸ ಊರಿನಲ್ಲಿ ಬೇರುಬಿಟ್ಟಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತಲಿನ ಸಂತ್ರಸ್ತರ ಕಡೆಗೆ ಸಾರ್ವಜನಿಕರ ಗಮನ ಹರಿಯಲು ಪಡ್ರೆಯ ದಾಖಲೆಗಳು ಹಾದಿ ಮಾಡಿಕೊಟ್ಟವು.

ಪಡ್ರೆಯಲ್ಲಿ ಪತ್ರಕರ್ತನಿಗೆ ಹಳ್ಳಿಗರಿಂದ ದೊರೆತದ್ದು ಸನ್ಮಾನವಲ್ಲ, ಸಾಕ್ಷ್ಯ. ಹಳ್ಳಿಗರಿಗೆ ಪತ್ರಕರ್ತನಿಂದ ದೊರೆತದ್ದು ಹೊಗಳಿಕೆಯಲ್ಲ, ಪರಿಶೀಲಿಸಿದ ವರದಿ. ಕೆಲಸಕ್ಕೆ ಕೆಲಸ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತರ ಕೈಯಲ್ಲೇ ಬರೆಸಿ, ಓದುಗರು ನೇರವಾಗಿ ವಿಚಾರಿಸಿಕೊಳ್ಳುವಂತೆ ಅವರ ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಅಚ್ಚು ಹಾಕಿದಾಗ ಅದೇ ತತ್ತ್ವ ಇನ್ನೊಂದು ರೂಪ ಪಡೆಯಿತು. ಪರೀಕ್ಷೆಗೆ ತೆರೆದಿಟ್ಟ ಮಾಹಿತಿಯಷ್ಟೇ ಮುಯ್ಯಿಗೆ ಅರ್ಹ.

ಆದರೆ ಮುಯ್ಯಿಯಲ್ಲೂ ಅಪಾಯವಿದೆ. ಕನ್ನಡದಲ್ಲಿ ಈ ಪದಕ್ಕೆ ಪ್ರತ್ಯುಪಕಾರ ಎಂಬ ಅರ್ಥವಿರುವಂತೆ ಸೇಡು ಎಂಬ ಅರ್ಥವೂ ಇದೆ. ಚಳವಳಿಯ ಪರವಾಗಿ ಹತ್ತು ಸಲ ಬರೆದ ವರದಿಗಾರ ಹನ್ನೊಂದನೆಯ ಸಲ ಚಳವಳಿಯ ಲೋಪವೊಂದನ್ನು ಬರೆದರೆ, ಅವನನ್ನು ಕಂಪೆನಿಯ ಏಜೆಂಟನೆಂದು ಕರೆಯುವವರು ಪರಿಸರ ಸಂಘಟನೆಗಳಲ್ಲೂ ಇದ್ದಾರೆ. ಇದು ಮೊದಲ ಅರ್ಥದ ಮುಯ್ಯಿಯನ್ನು ಎರಡನೆಯ ಅರ್ಥದ ಮುಯ್ಯಿಯಾಗಿ ತಿರುಗಿಸುವ ಕೆಲಸ. ಸ್ನೇಹ ಋಣವಾಗಿ, ಋಣ ಮೌನವಾಗಿ ಮಾರ್ಪಟ್ಟರೆ ಅದು ಕಂಪೆನಿಯ ಆತಿಥ್ಯಕ್ಕಿಂತ ಭಿನ್ನವಲ್ಲ. ಪತ್ರಕರ್ತ ತೀರಿಸಬೇಕಾದ ಋಣವಿರುವುದು ಓದುಗನಿಗೆ, ಸುದ್ದಿ ಕೊಟ್ಟವನಿಗಲ್ಲ. ಗದ್ದೆ ಓದುಗನದು. ಪ್ರಚಾರಕ, ಪತ್ರಕರ್ತ ಇಬ್ಬರೂ ಅಲ್ಲಿ ದುಡಿಯುವ ಆಳುಗಳು.

ಹೋರಾಟ ಸಮಿತಿಗಳೂ ತಮ್ಮ ನಡತೆಯನ್ನು ಈ ಅಳತೆಗೋಲಿನಿಂದ ಪರೀಕ್ಷಿಸಿಕೊಳ್ಳುವುದು ಒಳಿತು. ಪ್ರತಿಭಟನೆಯ ಮುನ್ನಾದಿನ ಮಾತ್ರ ವರದಿಗಾರನ ನೆನಪಾಗುವುದು, ಇನ್ನೂರು ಜನ ಸೇರಿದ್ದನ್ನು ಎರಡು ಸಾವಿರವೆಂದು ಬರೆದುಕೊಡುವುದು, ಒಂದೇ ಹೇಳಿಕೆಯನ್ನು ಐವತ್ತು ಜನರಿಗೆ ಮೊಬೈಲಿನಲ್ಲಿ ರವಾನಿಸಿ ಮರುದಿನ ಅಚ್ಚಾಗಲಿಲ್ಲವೆಂದು ಮುನಿಸಿಕೊಳ್ಳುವುದು, ಇವೆಲ್ಲ ಸಂತೆಯ ಪದ್ಧತಿಗಳೇ. ಇಂಥ ಸಂತೆಯಲ್ಲಿ ಹಣವುಳ್ಳ ಕಂಪೆನಿಯೆದುರು ಹಳ್ಳಿ ಎಂದಿಗೂ ಗೆಲ್ಲಲಾರದು. ಹಳ್ಳಿಯ ಬಂಡವಾಳವಿರುವುದು ನೆಲದ ತಿಳಿವಳಿಕೆಯಲ್ಲಿ ಮತ್ತು ನಂಬಿಕೆಗೆ ಅರ್ಹವಾದ ಮಾತಿನಲ್ಲಿ. ಒಂದು ಸುಳ್ಳು ಅಂಕಿ ಆ ಬಂಡವಾಳವನ್ನು ಕರಗಿಸಲು ಸಾಕು.

ಮಾಡಬಹುದಾದ ಕೆಲಸಗಳು ಸರಳವಾಗಿವೆ. ಹಳ್ಳದ ನೀರು ಯಾವ ತಿಂಗಳು ಬತ್ತಿತು, ಗುಡ್ಡ ಎಲ್ಲಿ ಬಿರುಕು ಬಿಟ್ಟಿತು, ಯಾವ ತೋಟಕ್ಕೆ ಕೊಳೆರೋಗ ಎಷ್ಟು ಬಂದಿತು ಎಂಬುದನ್ನು ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ದಿನಾಂಕ ಸಹಿತ ಬರೆದಿಡಬಹುದು. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಿ ಪಡೆದ ಕಾಗದಗಳನ್ನು ಅನುಕೂಲಕರವಾದವು, ಪ್ರತಿಕೂಲವಾದವು ಎಂದು ಬೇರ್ಪಡಿಸದೆ ಇಡಿಯಾಗಿ ವರದಿಗಾರನಿಗೆ ತೋರಿಸಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಪತ್ರಿಕೆಗಳಲ್ಲಿ ಬರಬೇಕು. ಆ ದಿನಗಳಲ್ಲಿ ವರದಿಯ ಸಾರಾಂಶವನ್ನು ಓದಿ, ಅದರಲ್ಲಿ ಬಿಟ್ಟುಹೋದ ತೊರೆ, ಮನೆ, ಮರಗಳನ್ನು ಸ್ಥಳದಲ್ಲೇ ತೋರಿಸಬಹುದು. ಎದುರು ಪಕ್ಷದವರ ಮಾತನ್ನೂ ಕೇಳುವಂತೆ ಹಳ್ಳಿಯವರೇ ವರದಿಗಾರನಿಗೆ ಹೇಳಿದರೆ ಅವರ ಮಾತಿನ ತೂಕ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಬರೆದದ್ದನ್ನು ಅಚ್ಚಿಗೆ ಮೊದಲು ತೋರಿಸೆಂದು ಕೇಳದಿರುವುದು, ತಪ್ಪಾಗಿದ್ದರೆ ಮರುದಿನವೇ ಆಧಾರ ಸಮೇತ ತಿಳಿಸುವುದು, ಹೋರಾಟವಿಲ್ಲದ ದಿನಗಳಲ್ಲೂ ಕರೆದು ಕಾಡು ಸುತ್ತಿಸುವುದು, ಇವೇ ಮುಯ್ಯಾಳಿನ ರೀತಿ.

ಪತ್ರಕರ್ತರಿಂದಲೂ ನಿರೀಕ್ಷಿಸಬೇಕಾದದ್ದು ಇಷ್ಟೇ. ಯಾರ ವಾಹನದಲ್ಲಿ ಬಂದದ್ದೆಂದು ವರದಿಯಲ್ಲಿ ನಮೂದಿಸಲಿ. ತೋರಿಸಿದ ಮನೆಯಷ್ಟೇ ಅಲ್ಲದೆ ತೋರಿಸದ ಮನೆಗೂ ಹೋಗಲಿ. ಸುದ್ದಿ ಅಚ್ಚಾದ ಆರು ತಿಂಗಳ ಬಳಿಕ ಅದೇ ಹಳ್ಳಿಗೆ ಇನ್ನೊಮ್ಮೆ ಬರಲಿ. ಸುದ್ದಿಯ ವ್ಯಾಪಾರ ಒಂದೇ ದಿನದಲ್ಲಿ ಫಲ ಕೊಡಬಹುದು. ಪಡ್ರೆಯ ಸಿಂಪರಣೆ ನಿಲ್ಲಲು ಇಪ್ಪತ್ತು ವರ್ಷ ಬೇಕಾಯಿತು. ಆ ಇಪ್ಪತ್ತು ವರ್ಷಗಳಲ್ಲಿ ನಷ್ಟವಾದ ಜೀವಗಳನ್ನು ನೆನೆದರೆ, ಇಂಥ ಸಂಬಂಧವನ್ನು ವಿಪತ್ತು ಬಂದ ಮೇಲೆ ಹುಡುಕುವುದಲ್ಲ, ವಿಪತ್ತಿಗೆ ಮೊದಲೇ ಬೆಳೆಸಿಕೊಳ್ಳಬೇಕು ಎಂಬುದು ಪ್ರತಿ ಕಣಿವೆಗೂ, ಪ್ರತಿ ಪತ್ರಿಕಾ ಕಚೇರಿಗೂ ಮನವರಿಕೆಯಾಗಬೇಕಾಗಿದೆ.