ಹಳೆಯ ಮೋಟಾರೂ ಹಿಡಿ ಅಕ್ಕಿಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ಸಂಗತಿಯನ್ನೂ ಬರೆಯುವುದು ವಾಡಿಕೆ. ಅವೆರಡಕ್ಕೂ ಈ ಸಂಚಿಕೆಯಲ್ಲಿ ಬೇರೆ ಸ್ಥಳ ದೊರೆತಿರುವುದರಿಂದ, ನಮ್ಮ ಹುಡುಗಿಯೊಬ್ಬಳು ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳಲು ಈ ಕೆಲವು ಪುಟಗಳನ್ನು ಉಪಯೋಗಿಸಿಕೊಳ್ಳುತ್ತೇವೆ. ಆ ದಿನ ಆಕೆಗೆ ನಾವು ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ.

ನಡೆದದ್ದು ಇಷ್ಟೇ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಕಿಕ್ಕೇರಿಯಿಂದ ಹೊರಟು, ಕೃಷ್ಣರಾಜಪೇಟೆಯ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಅಲ್ಲಿಗೆ ಸಮೀಪದಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಕೂಡಿಸಿದ ಹಳೆಯ ಮೋಟಾರು ಕಾರುಗಳನ್ನು ‘ಪಯಣ’ವೆಂಬ ಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಮಕ್ಕಳು ಅವುಗಳ ಉರುಟು ದೀಪಗಳನ್ನೂ ಮೆಟ್ಟಿಲು ಹಲಗೆಗಳನ್ನೂ ನೋಡಿ ಬೆರಗಾದರು. ಹಿಂದಿರುಗುವಾಗ ಬಸ್ಸಿನಲ್ಲಿ ನಾವು ಅವರಿಗೆ, ಇಂಥ ಹಳೆಯ ವಾಹನಗಳಿಂದ ಈಗ ನಡೆಯುತ್ತಿರುವ ಒಂದು ಧರ್ಮಕಾರ್ಯದ ವಿಷಯ ತಿಳಿಸಿದೆವು. ೨೦೧೨ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ‘ಡಿಸ್ಟಿಂಗ್ವಿಷ್ಡ್ ಜಂಟಲ್‌ಮನ್ಸ್ ರೈಡ್’ ಎಂಬ ಮೋಟಾರು ಸೈಕಲ್ಲುಗಳ ಸವಾರಿ ಮೊದಲಾಯಿತು. ಹಳೆಯ ಮಾದರಿಯ ಗಾಡಿಗಳನ್ನು ಒಪ್ಪಮಾಡಿ, ಅಚ್ಚುಕಟ್ಟಾದ ಉಡುಪು ಧರಿಸಿ ಹೊರಡುವ ಈ ಸವಾರರು, ಗಂಡಸರಿಗೆ ಬರುವ ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಶೋಧನೆಗೂ ಮಾನಸಿಕ ಆರೋಗ್ಯದ ಕೆಲಸಕ್ಕೂ ಹಣ ಕೂಡಿಸುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ಈ ಸವಾರಿ ನಡೆದಿದೆ. ೨೦೨೧ರಲ್ಲಿ ಹಳೆಯ ಕಾರುಗಳಿಗಾಗಿಯೂ ಇಂಥದೇ ಒಂದನ್ನು ಆರಂಭಿಸಿದರು. ಮತ್ತೆ ಕೆಲವರು ಒಂದು ದಿನದ ಸವಾರಿಗೆ ತೃಪ್ತರಾಗದೆ, ಅಜ್ಜನ ಕಾಲದ ಕಾರನ್ನು ಸಾವಿರಾರು ಮೈಲಿ ನಡೆಸಿ, ದಾರಿಯುದ್ದಕ್ಕೂ ವೈದ್ಯಶೋಧನೆಗೆಂದು ಬೇಡುವುದುಂಟು.

ಆಗ ಹಿಂದಿನ ಸಾಲಿನಲ್ಲಿದ್ದ ಒಕ್ಕಲುಮನೆಯ ಹುಡುಗಿಯೊಬ್ಬಳು, “ಅಮ್ಮಾವ್ರೇ, ಆ ಪೆಟ್ರೋಲಿನ ದುಡ್ಡನ್ನೇ ನೇರವಾಗಿ ಆಸ್ಪತ್ರೆಗೆ ಕೊಟ್ಟುಬಿಟ್ಟಿದ್ರೆ ಆಗ್ತಿರಲಿಲ್ವಾ?” ಎಂದು ಕೇಳಿದಳು.

ಮಕ್ಕಳು ನಕ್ಕರು. ನಾವು ನಗಲಿಲ್ಲ. ಕಬ್ಬಿನ ಗದ್ದೆಗೆ ಟ್ರಾಕ್ಟರು ಬಂದ ದಿನ ಡೀಸೆಲ್ಲಿನ ಲೆಕ್ಕ ಹಾಕುವ ತಂದೆಯನ್ನು ನೋಡಿ ಬೆಳೆದವಳ ಪ್ರಶ್ನೆ ಅದು. ನಾವೇನೋ ಹೇಳಿ ಮುಗಿಸಿದೆವು. ಆದರೆ ಪ್ರಶ್ನೆಯು ಮುಗಿಯಲಿಲ್ಲ.

ಇಂಥ ಯಾತ್ರೆಗಳ ಮೇಲೆ ಸಾಮಾನ್ಯವಾಗಿ ಎರಡು ಆಕ್ಷೇಪಣೆಗಳಿವೆ. ಇದು ದುಂದು ಎಂಬುದು ಒಂದು. ಇದು ಡಂಭವೆಂಬುದು ಇನ್ನೊಂದು. ದಾನವನ್ನು ಗುಪ್ತವಾಗಿ ಮಾಡಬೇಕೆಂದು ಕರ್ತನು ಬೋಧಿಸಿರುವಾಗ, ತುತೂರಿಯೂದುತ್ತ ಬೀದಿಯಲ್ಲಿ ಹೋಗುವುದೇಕೆಂದು ನಮ್ಮ ಸಭೆಯ ಹಿರಿಯರು ಕೇಳಿಯಾರು. ಎರಡನೆಯದಕ್ಕೆ ಉತ್ತರ ಸುಲಭ. ಗುಪ್ತವಾಗಿರಬೇಕಾದದ್ದು ಕೊಡುವವನ ಕೈ. ಬೇಡುವವನ ಬಾಯಿ ಅಲ್ಲ. ಯೆರೂಸಲೇಮಿನ ಬಡವರಿಗಾಗಿ ಪೌಲನು ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಲ್ಲಿ ಬಹಿರಂಗವಾಗಿಯೇ ಬೇಡಿದನು. ಒಂದು ಊರಿನವರ ಉದಾರತೆಯನ್ನು ಇನ್ನೊಂದು ಊರಿನವರಿಗೆ ಹೇಳಿ ಹುರಿದುಂಬಿಸಿದನು. ಅಷ್ಟೇ ಅಲ್ಲ, ಆ ಹಣದ ವಿಷಯದಲ್ಲಿ ತನ್ನ ಮೇಲೆ ಯಾರೂ ತಪ್ಪು ಹೊರಿಸದಂತೆ, ಸಭೆಗಳವರು ನೇಮಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡನು. ಧರ್ಮಕ್ಕಾಗಿ ದೂರಪ್ರಯಾಣ ಮಾಡಿ ಬೇಡುವುದು ನಮಗೆ ಹೊಸದಲ್ಲ. ಲೆಕ್ಕ ಒಪ್ಪಿಸುವುದೂ ಹೊಸದಾಗಿರಬಾರದು.

ಮೊದಲನೆಯ ಆಕ್ಷೇಪಣೆಯು ಗಟ್ಟಿಯಾದದ್ದು. ಅದಕ್ಕೆ ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ತರುಣನ ಚರಿತ್ರೆಯನ್ನು ನೋಡಬೇಕು. ಮೂಳೆಯ ಕ್ಯಾನ್ಸರಿನಿಂದ ೧೯೭೭ರಲ್ಲಿ ಅವನ ಒಂದು ಕಾಲನ್ನು ಕತ್ತರಿಸಿದರು. ೧೯೮೦ರ ಏಪ್ರಿಲಿನಲ್ಲಿ ಅವನು ಕೃತಕ ಕಾಲಿನಿಂದ ಆ ದೇಶವನ್ನು ಅಡ್ಡಲಾಗಿ ಓಡಲು ಹೊರಟನು. ಕ್ಯಾನ್ಸರ್ ಶೋಧನೆಗೆ ತಲೆಗೊಂದು ಡಾಲರು ಕೊಡಿರೆಂಬುದು ಅವನ ಬೇಡಿಕೆ. ೧೪೩ ದಿನ, ೫,೩೭೩ ಕಿಲೋಮೀಟರು ಓಡಿದ ಬಳಿಕ ರೋಗವು ಶ್ವಾಸಕೋಶಗಳಿಗೆ ಹರಡಿದ್ದರಿಂದ ನಿಲ್ಲಬೇಕಾಯಿತು. ೧೯೮೧ರ ಫೆಬ್ರವರಿಯ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರು, ಅಂದರೆ ಅಲ್ಲಿನ ಜನಸಂಖ್ಯೆಯಷ್ಟೇ ಡಾಲರು, ಕೂಡಿತ್ತು. ಆ ಜೂನಿನಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಅವನು ಮನೆಯಲ್ಲಿಯೇ ಕುಳಿತು ಪ್ರಯಾಣದ ಖರ್ಚನ್ನು ಆಸ್ಪತ್ರೆಗೆ ಕಳುಹಿಸಿದ್ದರೆ ಆ ಮೊತ್ತ ಎಷ್ಟಾಗುತ್ತಿತ್ತು? ದಾರಿಯಲ್ಲಿ ಸವೆದದ್ದು ಬೀಜದ ಕಾಳು. ಬಿತ್ತನೆಯ ಬತ್ತವನ್ನು ಉಣ್ಣದೆ ಮಣ್ಣಿಗೆ ಹಾಕುವವನನ್ನು ನಮ್ಮ ಸೀಮೆಯಲ್ಲಿ ಯಾರೂ ದುಂದುಗಾರನೆನ್ನುವುದಿಲ್ಲ.

ಆದರೆ ಎಲ್ಲ ಬಿತ್ತನೆಯೂ ಬೆಳೆಯಾಗದು. ಸ್ವಂತ ವಿಹಾರಕ್ಕೆ ಧರ್ಮದ ಹೆಸರಿಟ್ಟು, ಬಂದ ಹಣದಲ್ಲಿ ವಸತಿಯನ್ನೂ ಊಟವನ್ನೂ ಕಳೆದು ಉಳಿದದ್ದನ್ನು ಕೊಡುವವರೂ ಇದ್ದಾರು. ಆದುದರಿಂದ ನಾವು ಮೂರು ಷರತ್ತುಗಳನ್ನು ಮುಂದಿಡುತ್ತೇವೆ. ಪ್ರಯಾಣದ ವೆಚ್ಚವು ಪ್ರಯಾಣಿಕನ ಸ್ವಂತ ಕೈಯದಾಗಿರಬೇಕು. ಕೂಡಿದ ಹಣದ ಲೆಕ್ಕವು ಕೊಟ್ಟವರ ಕಣ್ಣಿಗೆ ಬೀಳಬೇಕು. ಮೂರನೆಯದಾಗಿ, ಕಾರು ನಿಂತ ಕಡೆಯಲ್ಲೆಲ್ಲ ಆ ರೋಗ ಯಾವುದು, ಅದರ ಲಕ್ಷಣವೇನು, ಶೋಧಕರು ಹುಡುಕುತ್ತಿರುವುದೇನೆಂದು ಜನರಿಗೆ ತಿಳಿಯಹೇಳಬೇಕು. ಈ ಮೂರನೆಯದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಹೊಸ ಕಾರು ಹೆದ್ದಾರಿಯಲ್ಲಿ ಹೋದರೆ ತಲೆಯೆತ್ತಿ ನೋಡುವವರಿಲ್ಲ. ಹಳೆಯ ಕಾರಾದರೋ ಇಂಜಿನು ಕಾಯ್ದು ಸಂತೆಯ ಬಳಿ ನಿಲ್ಲುತ್ತದೆ. ಯಾರೋ ಒಬ್ಬರು ಬಿಂದಿಗೆಯಲ್ಲಿ ನೀರು ತರುತ್ತಾರೆ. ಎಲ್ಲಿಂದ ಬಂದಿರಿ, ಏತಕ್ಕೆ ಹೊರಟಿರಿ ಎಂದು ಕೇಳುತ್ತಾರೆ. ನಡುಮನೆಯಲ್ಲಿ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಯಿಲೆಯ ಹೆಸರು ಆಗ ಸಂತೆಬೀದಿಯಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಆ ಕಾರಿನ ಬಲಹೀನತೆಯೇ ಅದರ ಬಲ.

ರಸ್ತೆಯ ಬದಿಯಲ್ಲಿ ನಿಂತ ಮೋಟಾರು ಏನನ್ನು ಸಾಧಿಸಬಲ್ಲದೆಂಬುದಕ್ಕೆ ನಮ್ಮ ದಕ್ಷಿಣ ದೇಶದಲ್ಲಿಯೇ ಸಾಕ್ಷಿಯಿದೆ. ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರ ಹೆಸರನ್ನು ನಮ್ಮ ಶಾಲೆಯಲ್ಲಿ ಕಲಿತ ಯಾರೂ ಮರೆತಿರಲಾರರು. ೧೯೦೯ರಲ್ಲಿ ಅವರಿಗೆ ಒಂದು ಪುಟ್ಟ ಪ್ಯೂಜೊ ಮೋಟಾರು ದೊರೆಯಿತು. ಆಸ್ಪತ್ರೆಗೆ ಬರಲಾರದವರ ಬಳಿಗೆ ತಾವೇ ಹೋಗಬೇಕೆಂದು ಅವರು ವೆಲ್ಲೂರಿನಿಂದ ಗುಡಿಯಾತ್ತಂ ಕಡೆಗೆ ಹೋಗುವ ರಸ್ತೆಯಲ್ಲಿ ಅಲ್ಲಲ್ಲಿ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಔಷಧ ಕೊಡತೊಡಗಿದರು. ೧೯೧೮ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆಯನ್ನು ತೆರೆದರು. ಅದನ್ನು ಕಾಲೇಜಿನ ಮಟ್ಟಕ್ಕೇರಿಸಬೇಕಾಗಿ ಬಂದಾಗ, ಎಪ್ಪತ್ತು ವರುಷ ದಾಟಿದ್ದ ಅವರು ಅಮೇರಿಕೆಯಲ್ಲಿ ಊರೂರು ಸುತ್ತಿ ಸ್ತ್ರೀಯರ ಸಂಘಗಳಲ್ಲಿ ಬೇಡಿದರು.

ಆ ಬೇಡಿಕೆಯ ಹಣದಿಂದ ಬೆಳೆದ ಸಂಸ್ಥೆಯಲ್ಲಿ ಮುಂದೆ ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬವರು ಕುಷ್ಠರೋಗಿಗಳ ಕೈಕಾಲುಗಳನ್ನು ಪರಿಶೀಲಿಸಿ ಒಂದು ದೊಡ್ಡ ಸಂಗತಿಯನ್ನು ಮನಗಾಣಿಸಿದರು. ಬೆರಳುಗಳು ಸವೆಯುವುದು ಮಾಂಸವು ತಾನಾಗಿ ಕೊಳೆಯುವುದರಿಂದಲ್ಲ. ನರಗಳಿಗೆ ಸ್ಪರ್ಶಜ್ಞಾನ ತಪ್ಪಿ, ನೋವೇ ತಿಳಿಯದೆ, ಸುಟ್ಟಗಾಯವೂ ಪೆಟ್ಟೂ ಮೇಲಿಂದ ಮೇಲೆ ಆಗುವುದರಿಂದ ಸವೆಯುತ್ತವೆ. ಇದನ್ನು ತಿಳಿದ ಮೇಲೆ ಕೈಯನ್ನು ಕಾಪಾಡುವ ಉಪಾಯವೂ, ಮಡಿಚಿದ ಬೆರಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುವ ಮಾರ್ಗವೂ ತೋರಿದವು. ಔಷಧಿಯ ಸೀಸೆಯು ಒಬ್ಬ ರೋಗಿಗೆ ಉಪಕಾರ ಮಾಡುತ್ತದೆ. ಶೋಧನೆಯಾದರೆ ಇನ್ನೂ ಹುಟ್ಟದಿರುವ ರೋಗಿಗೂ ಉಪಕಾರ ಮಾಡುತ್ತದೆ.

ಶೋಧನೆಗೆ ಕೊಡುವುದು ಕಷ್ಟವೇಕೆಂದರೆ ಫಲವು ಕಣ್ಣೆದುರಿಗೆ ಕಾಣುವುದಿಲ್ಲ. ಆಸ್ಪತ್ರೆಗೆ ಮಂಚ ಕೊಟ್ಟವರ ಹೆಸರನ್ನು ಮಂಚದ ಮೇಲೆ ಬರೆಯಬಹುದು. ಮಲೆನಾಡಿನ ಮಂಗನ ಕಾಯಿಲೆಯ ಚರಿತ್ರೆಯನ್ನು ನೋಡಿರಿ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದು ಉಣ್ಣೆಗಳ ಕಡಿತದಿಂದ ಹರಡುವ ಹೊಸ ವೈರಸ್ಸೆಂದು ಕಂಡುಹಿಡಿದರು. ಮುಂದೆ ಲಸಿಕೆಯೂ ಬಂದಿತು. ಆದರೆ ಅದರ ಶಕ್ತಿ ಸಾಲದೆಂದು ತಿಳಿದುಬಂದು ಅದನ್ನು ನಿಲ್ಲಿಸಿ, ಉತ್ತಮವಾದ ಮತ್ತೊಂದಕ್ಕೆ ಪ್ರಯತ್ನ ನಡೆಸಬೇಕಾಗಿದೆ. ಆರು ದಶಕಗಳಿಗೂ ಮೀರಿದ ಕೆಲಸವಿದು. ಇಂಥ ಕೆಲಸಕ್ಕೆ ಕೊಡುವವನು ತೆಂಗಿನ ಸಸಿ ನೆಡುವ ಮುದುಕನಂತೆ ಕೊಡಬೇಕು.

ಇಷ್ಟನ್ನು ಬರೆದ ಮೇಲೆ ನಮ್ಮ ಸ್ವಂತ ತಪ್ಪೊಂದನ್ನು ಅರಿಕೆ ಮಾಡಿಕೊಳ್ಳದಿದ್ದರೆ ಈ ಮಾತುಗಳು ಬರಿಯ ಉಪದೇಶವಾದಾವು. ನಮ್ಮ ತಾಯಿಯವರಿಗೆ ಕೆಲವು ವರುಷಗಳ ಹಿಂದೆ ಮರೆವು ಕಾಣಿಸಿಕೊಂಡಿತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತರು. ಬಳಿಕ ಬೀದಿಯ ತಿರುವು ಮರೆತರು. ಕಡೆಗೆ ನಮ್ಮ ಹೆಸರು ಮರೆತರು. ತರಗತಿಯಲ್ಲಿ ಆರೋಗ್ಯಶಾಸ್ತ್ರ ಬೋಧಿಸುವ ನಾವು, ಅದು ಮಿದುಳಿನ ರೋಗವಿರಬಹುದೆಂದು ತಿಳಿದೂ, ಎರಡು ವರುಷ ಅದನ್ನು ಮುಚ್ಚಿಟ್ಟೆವು. ಮನೆಗೆ ಬಂದವರಿಗೆ “ಅಮ್ಮ ಮಲಗಿದ್ದಾರೆ” ಎನ್ನುತ್ತಿದ್ದೆವು. ಭಾನುವಾರದ ಆರಾಧನೆಗೆ ಅವರನ್ನು ಕರೆದುಕೊಂಡು ಹೋಗುವುದನ್ನು ಬಿಟ್ಟೆವು. ಜನರು ಹುಚ್ಚೆಂದಾರು ಎಂಬ ಅಂಜಿಕೆ. ವೈದ್ಯರಿಗೆ ತೋರಿಸಿದಾಗ ಅವರು, ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ, ಆದರೆ ಬೇಗ ಬಂದಿದ್ದರೆ ಅವರ ದಿನಗಳನ್ನು ಇನ್ನಷ್ಟು ಹಗುರ ಮಾಡಬಹುದಾಗಿತ್ತು ಎಂದರು. ಆ ಎರಡು ವರುಷಗಳಲ್ಲಿ ಅಂಥ ಒಂದು ಹಳೆಯ ಕಾರು ನಮ್ಮ ಬೀದಿಯಲ್ಲಿ ಕೆಟ್ಟು ನಿಂತು, ಯಾರಾದರೂ ಆ ಕಾಯಿಲೆಯ ಹೆಸರನ್ನು ನಾಚದೆ ಕೂಗಿ ಹೇಳಿದ್ದರೆ ನಮಗೆ ಎಷ್ಟು ಧೈರ್ಯ ಬರುತ್ತಿತ್ತೋ!

ನಾವು ಮುಚ್ಚಿಟ್ಟದ್ದನ್ನು ನಮ್ಮ ರಾಜ್ಯದ ಇನ್ನೊಂದು ಮೂಲೆಯ ರೈತರು ತೆರೆದಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. ನಲವತ್ತೈದು ವರುಷ ಮೇಲ್ಪಟ್ಟ ಹತ್ತು ಸಾವಿರ ಹಳ್ಳಿಗರನ್ನು ವರುಷಗಟ್ಟಲೆ ಪರೀಕ್ಷಿಸಿ, ಮುಪ್ಪಿನಲ್ಲಿ ಮರೆವು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಏತಕ್ಕೆ ಎಂದು ತಿಳಿಯುವುದು ಅದರ ಉದ್ದೇಶ. ಹೊಲದ ಕೆಲಸ ಬಿಟ್ಟು ಆ ಜನರು ವಾಹನದಲ್ಲಿ ಬೆಂಗಳೂರಿಗೆ ಪ್ರಯಾಣ ಮಾಡಿ, ರಕ್ತ ಕೊಟ್ಟು, ಯಂತ್ರದೊಳಗೆ ಮಲಗಿ ಮಿದುಳಿನ ಚಿತ್ರ ತೆಗೆಸಿಕೊಂಡಿದ್ದಾರೆ. ಅವರ ಬಳಿ ಹಳೆಯ ಕಾರಿಲ್ಲ. ಅವರು ಹಣವನ್ನೂ ಕೂಡಿಸಲಿಲ್ಲ. ಆದರೂ ವೈದ್ಯಶೋಧನೆಗಾಗಿ ಮಾಡಿದ ಧರ್ಮಯಾತ್ರೆಗಳಲ್ಲಿ ಅದೇ ದೊಡ್ಡದೆಂದು ನಾವೆಣಿಸುತ್ತೇವೆ. ಶ್ರೀಮಂತನು ಪೆಟ್ರೋಲು ಸುರಿದು ಹಣ ತರಬಲ್ಲನು; ಆದರೆ ರೋಗದ ಸತ್ಯವನ್ನು ಮನೆಯವರಲ್ಲದೆ ಮತ್ತಾರೂ ಕೊಡಲಾರರು.

ಹಾಗಾದರೆ ಕಿಕ್ಕೇರಿಯ ಸೀಮೆಯ ನಾವು ಮಾಡತಕ್ಕದ್ದೇನು? ನಮ್ಮ ತಾಯಂದಿರು ಪ್ರತಿದಿನ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿ, ತುಂಬಿದ ಮೇಲೆ ದೇವಾಲಯಕ್ಕೆ ತಂದೊಪ್ಪಿಸುವ ಪದ್ಧತಿ ನಿಮಗೆ ತಿಳಿದೇ ಇದೆ. ಆ ಹಿಡಿ ಅಕ್ಕಿಯಿಂದ ಮನೆಯ ಯಾರ ಹೊಟ್ಟೆಯೂ ಬಡವಾಗಲಿಲ್ಲ. ಹಳೆಯ ವಿದ್ಯಾರ್ಥಿನಿಯರ ಮುಂದಿನ ಕೂಟದಲ್ಲಿ ಇಂಥದೊಂದು ಹಿಡಿ ಅಕ್ಕಿಯ ಪೆಟ್ಟಿಗೆಯನ್ನು ವೈದ್ಯಶೋಧನೆಗೆಂದು ಇಡಬೇಕೆಂದು ಸೂಚಿಸುತ್ತೇವೆ. ಕೂಡಿದ್ದು ನೂರು ರೂಪಾಯಿಯಾದರೂ ಸರಿಯೇ, ಯಾವ ಸಂಸ್ಥೆಗೆ ಕಳುಹಿಸಿದೆವೆಂಬ ಲೆಕ್ಕವನ್ನು ರಸೀತಿಯೊಡನೆ ನೋಟೀಸು ಹಲಗೆಯ ಮೇಲೆ ಅಂಟಿಸತಕ್ಕದ್ದು. ಅದಕ್ಕಿಂತ ಮೇಲಾಗಿ, ಆ ಕೂಟದಲ್ಲಿ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಮುಚ್ಚಿಟ್ಟಿರುವ ಕಾಯಿಲೆಯನ್ನು, ಅದು ಮರೆವಾಗಲಿ, ಸ್ತನದ ಗಂಟಾಗಲಿ, ಮೂರ್ಛೆಯಾಗಲಿ, ವೈದ್ಯರಿಗೆ ತೋರಿಸುವೆವೆಂದು ನಿಶ್ಚಯಿಸಿಕೊಳ್ಳಲಿ. ಮೊದಲು ಎದ್ದು ನಿಂತು ಹೇಳುವವರು ನಾವೇ ಆಗುತ್ತೇವೆ.

ಬಸ್ಸಿನಲ್ಲಿ ಪ್ರಶ್ನೆ ಕೇಳಿದ ಮಗಳೇ, ನೀನು ಕೇಳಿದ್ದು ಸರಿ. ದುಡ್ಡಿಗೆ ಲೆಕ್ಕ ಕೇಳುವುದನ್ನು ಎಂದಿಗೂ ಬಿಡಬೇಡ. ಆದರೆ ಆ ಪೆಟ್ರೋಲು ಸುಟ್ಟದ್ದು ಹಣ ತರುವುದಕ್ಕಾಗಿ ಮಾತ್ರವಲ್ಲ, ಮಾತು ತರುವುದಕ್ಕಾಗಿ. ಮಾತು ಬಾರದ ಮನೆಗೆ ಮದ್ದೂ ತಡವಾಗಿಯೇ ಬರುತ್ತದೆ. ನೀನು ದೊಡ್ಡವಳಾಗಿ ಡಾಕ್ಟರಳಾದರೆ ದೇವರಿಗೆ ಸ್ತೋತ್ರ. ಒಕ್ಕಲುಮನೆಯ ಗೃಹಿಣಿಯಾದರೂ ದೇವರಿಗೆ ಸ್ತೋತ್ರ. ಎಲ್ಲಿಯೇ ಇದ್ದರೂ, ನಿನ್ನ ಮನೆಯ ಹಿರಿಯರ ನೋವನ್ನು ಬಾಗಿಲ ಹಿಂದೆ ಕೂರಿಸಬೇಡ.