ಮಣ್ಣಿನೊಳಗಿನ ಹೆಸರಿಲ್ಲದವರು

ಮೊನ್ನೆ ಓದಿದ್ದು ತಲೆಯಿಂದ ಹೋಗ್ತಾನೇ ಇಲ್ಲ. ಒಣಮಣ್ಣನ್ನು ತಟ್ಟೆಯಲ್ಲಿ ಹರಡಿ, ಮುಳುಗಿಸದೆ ನೆನೆಯುವಷ್ಟೇ ನೀರು ಹಾಕಿದರೆ, ಚಿಪ್ಪು ಕಟ್ಟಿಕೊಂಡು ಮಲಗಿದ್ದ ಸಿಲಿಯೇಟ್‌ಗಳು ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತವಂತೆ! ಒಂದೇ ಜೀವಕೋಶ, ಮೈಮೇಲೆ ಕೂದಲಿನಂಥ ಎಳೆಗಳು. ಆಸ್ಟ್ರಿಯಾದ ವಿಲ್ಹೆಲ್ಮ್ ಫೋಯ್ಸ್ನರ್ ಹೀಗೇ ನೂರಾರು ಹೊಸ ಪ್ರಭೇದ ಕಂಡರು. ಬೆಳ್ಳಿಯ ಸಂಯುಕ್ತದಿಂದ ಬಣ್ಣ ಕಟ್ಟಿ, ಎಳೆಗಳ ಸಾಲು ಎಣಿಸಿ, ಚಿತ್ರ ಬಿಡಿಸಿ ವಿವರಿಸಿದರು. ನಮೀಬಿಯಾದ ಮಣ್ಣಿನ ಬಗ್ಗೆ ಸಂಗಡಿಗರೊಡನೆ 2002ರಲ್ಲಿ ತಂದ ಗ್ರಂಥವೇ 1,459 ಪುಟ.

ಡಿಎನ್‌ಎ ಓದುವ ಯಂತ್ರ ಇರುವಾಗ ಇಷ್ಟೆಲ್ಲ ಯಾಕೆ ಅಂತೀರಾ? ಕೋಡ್ ಬರೆಯುವ ನನಗೆ ಗೊತ್ತು: ಟೇಬಲ್‌ನಲ್ಲಿ ಐಡಿ ಇದ್ದು ಮಿಕ್ಕ ಕಾಲಂ ಖಾಲಿಯಿದ್ದರೆ ಪ್ರಯೋಜನವಿಲ್ಲ. ಡಿಎನ್‌ಎ ತುಣುಕು ಬರೀ ಐಡಿ. ಏನು ತಿನ್ನುತ್ತೆ, ಹೇಗೆ ಚಲಿಸುತ್ತೆ ಅನ್ನೋದನ್ನು ಕಣ್ಣಿಟ್ಟು ನೋಡಿದವರೇ ತುಂಬಬೇಕು.

ಫೋಯ್ಸ್ನರ್ 2020ರಲ್ಲಿ ತೀರಿಕೊಂಡರು. ಹಾಗೆ ಕೂತು ನೋಡುವವರಿಗೆ ಕೊಡುವ ಸಂಬಳ ದಂಡವಲ್ಲ ಅಂತ ನನ್ನ ಅನಿಸಿಕೆ... ನೀವೇನಂತೀರಿ?